ಉಪ್ಪಿನಕಾಯಿ ಫೋಟೋ ಎಲ್ಲಿ ಹೋಯಿತು? ನೀಲಿ ಟಿಕ್‌ಗೆ ಓರಗಿತ್ತಿ ಮುನಿದದ್ದೇಕೆ?

ಪ್ರಶ್ನೆ: ಸರ್, ನಾನು ಅಂಚೆ ಇಲಾಖೆಯಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ವಯಸ್ಸು 64. ಶಿರಸಿ ಹತ್ತಿರದ ಊರು. ಹೋದ ವರ್ಷ ಅಣ್ಣನ ಮಗ ಒಳ್ಳೇ ಫೋನ್ ಕೊಡಿಸಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲಾ ಹಾಕಿಕೊಟ್ಟ. ಹಾಕಿಕೊಟ್ಟವನು ಬೆಂಗಳೂರಿಗೆ ಹೋದ. ಅಲ್ಲಿಂದ ಶುರುವಾಯಿತು ನನ್ನ ಪಾಡು.

ಅಪ್ಪೆಮಿಡಿ ಹಾಕಿದ ದಿನ ಭರಣಿಯ ಫೋಟೋ ಸ್ಟೇಟಸ್‌ಗೆ ಹಾಕಿದೆ. ಮರುದಿನ ನೋಡಿದರೆ ಇಲ್ಲ. ಏನು ಒತ್ತಿ ಅಳಿಸಿದೆನೋ ಗೊತ್ತಿಲ್ಲ. ಮೊಮ್ಮಗಳು "ಅಜ್ಜಿ, ಇನ್‌ಸ್ಟಾದಲ್ಲಿ ಹಾಕು, ಹ್ಯಾಶ್‌ಟ್ಯಾಗ್ ಕೊಡು" ಅಂದಳು. ನಾನು #ಇವತ್ತು #ಅಪ್ಪೆಮಿಡಿ #ಉಪ್ಪಿನಕಾಯಿ #ಹಾಕಿದೆ ಎಂದು ಬರೆದೆ. ಮನೆಯವರೆಲ್ಲ ನಕ್ಕರು. ಓರಗಿತ್ತಿಯ ಮೆಸೇಜ್ ನೋಡಿ, ಅಡುಗೆ ಮುಗಿಸಿ ಉತ್ತರ ಕೊಡೋಣ ಅಂದುಕೊಂಡು ಮರೆತೆ. "ನೀಲಿ ಟಿಕ್ ಬಂದಿದೆ, ಓದಿಯೂ ಸುಮ್ಮನಿದ್ದೀರಿ" ಎಂದು ಆಕೆ ಈಗ ಮಾತು ಬಿಟ್ಟಿದ್ದಾಳೆ. ಯಾರೋ ಅಪರಿಚಿತರ ಹಳೆಯ ಫೋಟೋಗೆ ಕೈತಪ್ಪಿ ಹಾರ್ಟ್ ಒತ್ತಿದೆ. ಲೈಕ್ ಒತ್ತಿದವರನ್ನೂ ಪೊಲೀಸರು ಹಿಡಿದಿದ್ದಾರೆ ಎಂದು ಭಾವ ಹೆದರಿಸುತ್ತಾರೆ. ಹಳೆಯ ಸಹೋದ್ಯೋಗಿಯೊಬ್ಬರು ಫೇಸ್‌ಬುಕ್‌ನಲ್ಲಿ ಮೊದಲೇ ಫ್ರೆಂಡ್ ಆಗಿದ್ದರು, ಮತ್ತೆ ರಿಕ್ವೆಸ್ಟ್ ಬಂತು, ಒಪ್ಪಿದೆ. ಮರುದಿನ 15,000 ರೂಪಾಯಿ ಕೇಳಿದರು. ನಾನು ಕೊಡಲಿಲ್ಲ. ಅವರ ಅಕೌಂಟ್ ಹ್ಯಾಕ್ ಆಗಿದೆಯಂತೆ, ನನ್ನದೂ ಆಗಿರಬಹುದೇ? ಮೂರನೇ ಟಿಕ್ ಬಂದರೆ ಸರ್ಕಾರ ನೋಡಿದೆ ಎಂದರ್ಥ ಅಂತ ಇನ್ನೊಂದು ಮೆಸೇಜ್. ರೀಲ್ಸ್ ತೆರೆದರೆ ಬರೀ ಹಾವು. ಡಿಎಂ, ಟ್ಯಾಗ್, ಅಲ್ಗಾರಿದಮ್ ಅಂತ ಮಕ್ಕಳು ಮಾತಾಡುವಾಗ ನಾನು ಸುಮ್ನೆ ತಲೆಯಾಡಿಸುತ್ತೇನೆ. ಎಲ್ಲಾ ಮುಚ್ಚಿಬಿಡಲೇ?

ಉತ್ತರ: ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ಒಂದು ಸಲ ಪ್ರಶ್ನೆಗಳಿಗಾಗಿ, ಇನ್ನೊಂದು ಸಲ ಅಪ್ಪೆಮಿಡಿಗಾಗಿ.

ಮೇಲೆ ಕಾಣುವುದು ಪದಗಳ ಗೊಂದಲ. ಅದರ ಅಡಿಯಲ್ಲಿ ಒಂದು ಹೆದರಿಕೆ ಕೂತಿದೆ: ಗೊತ್ತಿಲ್ಲದೆ ಎಲ್ಲೋ ಏನೋ ಒತ್ತಿ, ಏನಾದರೂ ಆಗಿಬಿಟ್ಟರೆ? ಅದನ್ನು ಮೊದಲು ಇಳಿಸಿಬಿಡೋಣ. ನೀವು ಬರೆದ ಯಾವುದರಲ್ಲೂ ನೀವು ಏನನ್ನೂ ಕೆಡಿಸಿಲ್ಲ. ನಿಜವಾದ ಅಪಾಯ ಬಾಗಿಲಿಗೆ ಬಂದದ್ದು ಒಂದೇ ಸಲ, ಆ 15,000 ರೂಪಾಯಿಯ ವಿಷಯದಲ್ಲಿ. ಅಲ್ಲಿ ನೀವು ಮೋಸಹೋಗಲಿಲ್ಲ.

ನಾನು 12 ವರ್ಷಗಳಿಂದ ಮೈಸೂರಿನಲ್ಲಿ ಹಿರಿಯರಿಗೆ ಫೋನ್ ಮತ್ತು ಇಂಟರ್‌ನೆಟ್ ಹೇಳಿಕೊಡುತ್ತಿದ್ದೇನೆ. "ನಮಗೆ ವಯಸ್ಸಾಯ್ತು, ತಲೆಗೆ ಹೋಗಲ್ಲ" ಎಂಬ ಮಾತು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ನಾನು ಒಪ್ಪುವುದಿಲ್ಲ. ಮನಿಯಾರ್ಡರ್ ಫಾರಂ, ಉಳಿತಾಯ ಖಾತೆಯ ಲೆಡ್ಜರ್, ಎ.ಡಿ. ಕಾರ್ಡ್ ಎಲ್ಲವನ್ನೂ 33 ವರ್ಷ ನಿಭಾಯಿಸಿದ ತಲೆಗೆ ಒಂದು ಸ್ಟೇಟಸ್ ಹೋಗುವುದಿಲ್ಲವೇ? ತೊಂದರೆ ಇರುವುದು ಹೆಸರಿಟ್ಟವರಲ್ಲಿ. ಅಂಚೆಯಲ್ಲಿ ಇನ್‌ಲ್ಯಾಂಡ್ ಲೆಟರ್ ಅಂದರೆ ಕಾರವಾರದಲ್ಲೂ ಅದೇ, ಕೋಲಾರದಲ್ಲೂ ಅದೇ. ಇಲ್ಲಿ ಹಾಗಿಲ್ಲ. ಒಂದೇ ವಸ್ತುವಿಗೆ ಅಂಗಡಿಗೊಂದು ಹೆಸರು, ಒಂದೇ ಹೆಸರಿಗೆ ಅಂಗಡಿಗೊಂದು ಅರ್ಥ.

ನಿಮ್ಮ ಭರಣಿಯ ಫೋಟೋವನ್ನೇ ತೆಗೆದುಕೊಳ್ಳಿ. ಫೇಸ್‌ಬುಕ್‌ನಲ್ಲಿ ಬಹಳ ಹಿಂದಿನಿಂದ ಸ್ಟೇಟಸ್ ಅಂದರೆ ನೀವು ಬರೆದು ಹಾಕುವ ಮಾತು. ನೀವು ಅಳಿಸುವವರೆಗೂ ಅದು ಇರುತ್ತದೆ. ವಾಟ್ಸಾಪ್‌ನಲ್ಲಿ ಸ್ಟೇಟಸ್ ಅಂದರೆ ಮೊದಲು ಹೆಸರಿನ ಕೆಳಗಿನ ಒಂದು ಸಾಲು. "ಬ್ಯುಸಿ", "ಅಟ್ ವರ್ಕ್" ಅಂತ ಕೆಲವರ ಹೆಸರಿನಡಿ ಈಗಲೂ ಕಾಣುತ್ತದಲ್ವಾ, ಅದು. 2017ರ ಫೆಬ್ರವರಿಯಲ್ಲಿ ಕಂಪನಿ ಆ ಸಾಲನ್ನು ಕಿತ್ತು, ಅದೇ ಹೆಸರಿನಲ್ಲಿ 24 ಗಂಟೆಯಲ್ಲಿ ಮಾಯವಾಗುವ ಫೋಟೋ ವ್ಯವಸ್ಥೆ ತಂದಿತು. ಬಳಸುವವರು ಗಲಾಟೆ ಮಾಡಿದರು. ಮುಂದಿನ ತಿಂಗಳೇ ಹಳೆಯ ಸಾಲು "ಅಬೌಟ್" ಎಂಬ ಹೊಸ ಹೆಸರಿನಲ್ಲಿ ವಾಪಸ್ ಬಂತು. ಮಾಯವಾಗುವ ಫೋಟೋ ಇವರ ಸ್ವಂತ ಯೋಚನೆಯೂ ಅಲ್ಲ. ಸ್ನ್ಯಾಪ್‌ಚಾಟ್ ಎಂಬ ಆ್ಯಪ್ 2013ರಲ್ಲೇ ಅದನ್ನು "ಸ್ಟೋರಿ" ಎಂದು ತಂದಿತ್ತು. 2016ರಲ್ಲಿ ಇನ್‌ಸ್ಟಾಗ್ರಾಂ ನಕಲು ಮಾಡಿತು, ಹೆಸರನ್ನೂ ಬಿಡಲಿಲ್ಲ. ಶ್ರೇಯಸ್ಸು ಸ್ನ್ಯಾಪ್‌ಚಾಟ್‌ನದೇ ಎಂದು ಇನ್‌ಸ್ಟಾಗ್ರಾಂನ ಆಗಿನ ಮುಖ್ಯಸ್ಥ ಕೆವಿನ್ ಸಿಸ್ಟ್ರಂ ಒಪ್ಪಿಕೊಂಡೂ ಇದ್ದರು. ಹೀಗೆ ನಿಮ್ಮ ಮೊಮ್ಮಗಳ "ಸ್ಟೋರಿ" ಮತ್ತು ನಿಮ್ಮ "ಸ್ಟೇಟಸ್" ಎರಡೂ ಒಂದೇ. ಫೇಸ್‌ಬುಕ್‌ನ ಸ್ಟೇಟಸ್ ಬೇರೆ. ಯಾರಿಗಾದರೂ ತಲೆ ತಿರುಗದೆ ಇರುತ್ತದೆಯೇ?

ಹಾಗಾಗಿ ನನ್ನ ಹತ್ತಿರ ಬಂದವರಿಗೆ ನಾನು ಪದಗಳ ಪಟ್ಟಿ ಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಕೊಟ್ಟ ಪಟ್ಟಿ ಎರಡು ವರ್ಷಕ್ಕೆ ಹಳತಾಗುತ್ತದೆ. 2023ರಲ್ಲಿ ಟ್ವಿಟರ್ ಇದ್ದಕ್ಕಿದ್ದಂತೆ ಎಕ್ಸ್ ಆಯಿತು, ಅದರ ಗುರುತಾಗಿದ್ದ ನೀಲಿ ಹಕ್ಕಿಯೇ ಹಾರಿಹೋಯಿತು. ಅದರ ಬದಲು ಯಾವುದೇ ಗುಂಡಿ ಒತ್ತುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ ಅನ್ನುತ್ತೇನೆ. ಇದು ಯಾರಿಗೆ ಕಾಣುತ್ತದೆ? ಎಷ್ಟು ಹೊತ್ತು ಇರುತ್ತದೆ? ಕವರ್ ಅಂಟಿಸಬೇಕೋ, ಕಾರ್ಡ್ ಸಾಕೋ ಎಂದು ಕೌಂಟರಿಗೆ ಬಂದವರಿಗೆ ನೀವೇ ಹೇಳುತ್ತಿದ್ದಿರಲ್ಲ, ಅದೇ ಲೆಕ್ಕ.

ಸ್ಟೇಟಸ್‌ಗೆ ಈ ಲೆಕ್ಕ ಹಾಕಿ. ಎಷ್ಟು ಹೊತ್ತು? 24 ಗಂಟೆ. ಫೋಟೋ ಅಳಿಸಿದ್ದು ನೀವಲ್ಲ, ಅವಧಿ ಮುಗಿಯಿತು ಅಷ್ಟೇ. ಯಾರಿಗೆ? ನೀವು ಏನೂ ಬದಲಾಯಿಸದಿದ್ದರೆ, ನಿಮ್ಮ ಫೋನಿನಲ್ಲಿ ಅವರ ನಂಬರ್ ಇರಬೇಕು, ಅವರ ಫೋನಿನಲ್ಲಿ ನಿಮ್ಮದೂ ಇರಬೇಕು. ಅಂಥ ಎಲ್ಲರಿಗೂ ಕಾಣುತ್ತದೆ. ಇಲ್ಲಿ ಒಂದು ನಿಮಿಷ ನಿಲ್ಲಿ. ನಮ್ಮ ಫೋನಿನಲ್ಲಿ ಯಾರ್ಯಾರ ನಂಬರ್ ಇರುತ್ತದೆ? ತರಗತಿಗೆ ಬರುತ್ತಿದ್ದ ಒಬ್ಬರು "ಹತ್ತು ದಿನ ಕಾಶಿ ಯಾತ್ರೆ, ಇವತ್ತು ಹೊರಟೆವು" ಎಂದು ಬೀಗ ಹಾಕಿದ ಮನೆಯ ಮುಂದೆ ಗಂಡ ಹೆಂಡತಿ ನಿಂತ ಫೋಟೋ ಹಾಕಿದ್ದರು. ನೆಂಟರಿಗೆ ತಿಳಿಯಲಿ ಎಂದು. ಆಮೇಲೆ ಕಣ್ಣಿನ ಗುರುತು ಒತ್ತಿ ಯಾರ್ಯಾರು ನೋಡಿದ್ದಾರೆ ಎಂದು ಪಟ್ಟಿ ತೆಗೆದರೆ, ನೀರಿನ ಫಿಲ್ಟರ್ ರಿಪೇರಿಗೆ ಒಮ್ಮೆ ಬಂದು ಹೋದವನು, ಹಳೇ ಪೇಪರ್ ಕೊಳ್ಳುವವನು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಡ್ರೈವರ್, ಎಲ್ಲರೂ ಇದ್ದರು. ಏನೂ ಆಗಲಿಲ್ಲ, ಅವರೆಲ್ಲ ಒಳ್ಳೆಯವರೇ ಇದ್ದರು. ಆದರೆ ಆಕೆಗೆ ಕಾಶಿಯಲ್ಲಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಸ್ಟೇಟಸ್ ತೆರೆದರೆ "ಓನ್ಲಿ ಶೇರ್ ವಿತ್" ಎಂಬುದು ಸಿಗುತ್ತದೆ. ಅಲ್ಲಿ ಇಪ್ಪತ್ತೋ ಮೂವತ್ತೋ ಮಂದಿಯನ್ನು ಆರಿಸಿಡಿ. ಒಮ್ಮೆ ಮಾಡಿದರೆ ಮತ್ತೆ ಮತ್ತೆ ಮಾಡಬೇಕಿಲ್ಲ. ಅಪ್ಪೆಮಿಡಿಯನ್ನು ಊರೆಲ್ಲ ನೋಡಿದರೂ ಬಾಯಲ್ಲಿ ನೀರೂರುತ್ತದೆ ಅಷ್ಟೇ, ಆಸ್ಪತ್ರೆಯ ಫೋಟೋ, ಪ್ರಯಾಣದ ಫೋಟೋಗಳಿಗೆ ಇದು ಬೇಕು.

ಇನ್ನು ಹ್ಯಾಶ್‌ಟ್ಯಾಗ್. ನೀವು ಮಾಡಿದ್ದು ತಪ್ಪಲ್ಲ. ಜಾಸ್ತಿ ಆಯಿತು, ಅಷ್ಟೇ. ಈ # ಗುರುತು ನಮ್ಮ ಫೋನಿನ ಮೇಲೆ ಮೊದಲಿಂದಲೂ ಇತ್ತು, ಬ್ಯಾಲೆನ್ಸ್ ನೋಡಲು ಒತ್ತುತ್ತಿದ್ದೆವು. 2007ರ ಆಗಸ್ಟ್‌ನಲ್ಲಿ ಅಮೆರಿಕದ ಕ್ರಿಸ್ ಮೆಸ್ಸೀನಾ ಎಂಬವರು, ಟ್ವಿಟರ್‌ನಲ್ಲಿ ಒಂದೇ ವಿಷಯ ಮಾತಾಡುವವರ ಮಾತುಗಳೆಲ್ಲ ಒಂದೆಡೆ ಸಿಗಲು ಪದದ ಮುಂದೆ # ಹಾಕಿದರೆ ಹೇಗೆ ಎಂದು ಕೇಳಿದರು. ಅವರು ಆ ಕಂಪನಿಯ ನೌಕರರೂ ಅಲ್ಲ. ಅದೇ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಡೆ ಕಾಡ್ಗಿಚ್ಚು ಹಬ್ಬಿತು. ಬೆಂಕಿಯ ಸುದ್ದಿ ಹಂಚಿಕೊಳ್ಳುವವರು ಊರಿನ ಹೆಸರು ಮತ್ತು ಬೆಂಕಿ ಎಂಬುದನ್ನು ಕೂಡಿಸಿ # ಹಾಕಿ ಬರೆದರು. ಗುರುತಿನ ಉಪಯೋಗ ಜನಕ್ಕೆ ಕಂಡದ್ದು ಆಗ.

ನಿಮಗೆ ಇದು ಹೊಸತೇನಲ್ಲ. ಇದು ಸಾರ್ಟಿಂಗ್ ಕೇಸ್. ಪತ್ರಗಳನ್ನು ಊರಿನ ಹೆಸರು ನೋಡಿ ಗೂಡಿಗೆ ಎಸೆಯುತ್ತಿದ್ದಿರಲ್ಲ, # ಅಂದರೆ ಗೂಡಿನ ಹೆಸರು. #ಅಪ್ಪೆಮಿಡಿ ಎಂದು ಬರೆದರೆ ಆ ಗೂಡಿಗೆ ಬೀಳುತ್ತದೆ. ಅಪ್ಪೆಮಿಡಿ ಹುಡುಕಿಕೊಂಡು ಬಂದವರಿಗೆ ಸಿಗುತ್ತದೆ. #ಇವತ್ತು, #ಹಾಕಿದೆ ಎಂಬ ಗೂಡುಗಳಲ್ಲಿ ಯಾರು ಏನು ಹುಡುಕುತ್ತಾರೆ? ಅದಕ್ಕೇ ಮನೆಯವರು ನಕ್ಕದ್ದು. ಒಂದೆರಡು ಸಾಕು. ಎರಡು ಪದ ಸೇರಿಸಬೇಕಾದರೆ ನಡುವೆ ಜಾಗ ಬಿಡದೆ ಬರೆಯಿರಿ, ಜಾಗ ಬಿಟ್ಟಲ್ಲಿಗೆ ಟ್ಯಾಗ್ ಮುಗಿದುಹೋಗುತ್ತದೆ. ಇನ್ನೊಂದು ಮಾತು: ನಿಮ್ಮ ಇನ್‌ಸ್ಟಾಗ್ರಾಂ ಅಕೌಂಟ್ ಪ್ರೈವೇಟ್ ಆಗಿದ್ದರೆ ನೀವು ಎಷ್ಟೇ # ಹಾಕಿದರೂ ಅದು ನಿಮ್ಮನ್ನು ಫಾಲೋ ಮಾಡುವವರಿಗೆ ಮಾತ್ರ ಕಾಣುತ್ತದೆ, ಲೋಕದ ಗೂಡಿಗೆ ಬೀಳುವುದಿಲ್ಲ. ಮೊಮ್ಮಗಳು ಅದನ್ನು ಹೇಳಿರಲಿಕ್ಕಿಲ್ಲ.

ಟ್ಯಾಗ್ ಅನ್ನುವುದು ಬೇರೆ. ಅದಕ್ಕೆ @ ಗುರುತು. ಅದು ವ್ಯಕ್ತಿಯ ಹೆಸರು ಕಟ್ಟುವುದು. ಮದುವೆ ಫೋಟೋದಲ್ಲಿ ನಿಮ್ಮನ್ನು ಟ್ಯಾಗ್ ಮಾಡಿದರೆ ನಿಮಗೆ ತಿಳಿಸುತ್ತದೆ, ನಿಮ್ಮ ಪುಟಕ್ಕೂ ಬಂದು ಕೂರಬಹುದು. ಬೇಡವಾದರೆ ತೆಗೆದುಹಾಕಬಹುದು, ಟ್ಯಾಗ್ ಮಾಡಿದವರಿಗೆ ಬೇಜಾರೇನೂ ಆಗುವುದಿಲ್ಲ. ಡಿಎಂ ಅಂದರೆ ಡೈರೆಕ್ಟ್ ಮೆಸೇಜ್, ನಿಮ್ಮ ಇನ್‌ಲ್ಯಾಂಡ್ ಲೆಟರ್. ಫೋಟೋದ ಕೆಳಗೆ ಬರೆಯುವ ಕಾಮೆಂಟ್ ಪೋಸ್ಟ್‌ಕಾರ್ಡ್, ಪೋಸ್ಟ್‌ಮ್ಯಾನ್ ಸಹಿತ ಎಲ್ಲರೂ ಓದುತ್ತಾರೆ. ಗಂಡನ ಶುಗರ್ ರಿಪೋರ್ಟ್ ವಿಷಯವನ್ನು ಮಗಳ ಫೋಟೋದ ಕೆಳಗೆ ಕಾಮೆಂಟಿನಲ್ಲಿ ವಿಚಾರಿಸಿದವರನ್ನು ನಾನು ನೋಡಿದ್ದೇನೆ.

ಈಗ ಓರಗಿತ್ತಿಯ ವಿಷಯ. ನನ್ನ ಅನುಭವದಲ್ಲಿ ಹ್ಯಾಕರ್‌ಗಳಿಗಿಂತ ಜಾಸ್ತಿ ಮನೆ ಮುರಿದದ್ದು ಈ ನೀಲಿ ಟಿಕ್. ಬೂದು ಬಣ್ಣದ ಒಂದು ಟಿಕ್ ಅಂದರೆ ಮೆಸೇಜ್ ನಿಮ್ಮ ಫೋನಿನಿಂದ ಹೊರಟಿದೆ. ಎರಡು ಬೂದು ಟಿಕ್ ಅಂದರೆ ಅವರ ಫೋನಿಗೆ ತಲುಪಿದೆ. ಎರಡೂ ನೀಲಿಯಾದರೆ ಆ ಚಾಟ್ ತೆರೆದಿದ್ದಾರೆ. ತೆರೆದಿದ್ದಾರೆ ಅಂದರೆ ಓದಿದ್ದಾರೆ ಎಂದಲ್ಲ. ಓದಿದ್ದಾರೆ ಅಂದರೆ ಕನ್ನಡಕ ಹಾಕಿಕೊಂಡು ಓದಿದ್ದಾರೆ ಎಂದೂ ಅಲ್ಲ. ಎ.ಡಿ. ಕಾರ್ಡಿನಲ್ಲಿ ಸಹಿ ಬಂದರೆ ಪತ್ರ ಮನೆ ಸೇರಿತು ಎಂದು ಗೊತ್ತಾಗುತ್ತಿತ್ತೇ ಹೊರತು, ಒಡೆದು ಓದಿದರೋ ದೇವರ ಫೋಟೋ ಹಿಂದೆ ಸಿಕ್ಕಿಸಿದರೋ ನಿಮಗೆ ಹೇಗೆ ಗೊತ್ತಾಗಬೇಕು?

ಈ ನೀಲಿ ಟಿಕ್ ಬಂದದ್ದು 2014ರ ನವೆಂಬರ್‌ನಲ್ಲಿ. ಬಂದ ಕೂಡಲೇ ಜಗತ್ತೆಲ್ಲ ರೇಗಿತು. ಅದೇ ತಿಂಗಳು ಬೇಡದವರು ನಿಲ್ಲಿಸುವ ದಾರಿಯನ್ನೂ ಕಂಪನಿ ಕೊಡತೊಡಗಿತು. ಪ್ರೈವೆಸಿಯಲ್ಲಿ "ರೀಡ್ ರಿಸೀಟ್ಸ್" ಆಫ್ ಮಾಡಿದರೆ ಆಯಿತು. ಆದರೆ ಅದಕ್ಕೆ ಬೆಲೆ ಇದೆ. ನೀವು ಓದಿದ್ದು ಅವರಿಗೆ ಕಾಣದಿದ್ದರೆ, ಅವರು ಓದಿದ್ದು ನಿಮಗೂ ಕಾಣುವುದಿಲ್ಲ. ನಿಮ್ಮ ಸ್ಟೇಟಸ್ ಯಾರು ನೋಡಿದರು ಎಂಬ ಪಟ್ಟಿಯೂ ಹೋಗುತ್ತದೆ. ಗ್ರೂಪುಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಓದಿದ ಗುರುತು ಬಿದ್ದೇ ಬೀಳುತ್ತದೆ. ಇದು ಬೇಡ ಅನ್ನಿಸಿದರೆ ಇನ್ನೊಂದು ದಾರಿ: ಮೆಸೇಜ್ ಬಂದಾಗ ಪರದೆಯನ್ನು ಮೇಲಿಂದ ಕೆಳಗೆಳೆದು ನೋಟಿಫಿಕೇಶನ್‌ನಲ್ಲೇ ಓದಿ, ಚಾಟ್ ತೆರೆಯಬೇಡಿ. ನೀಲಿಯಾಗುವುದಿಲ್ಲ. ಅಡುಗೆ ಮುಗಿದ ಮೇಲೆ ತೆರೆದು ಉತ್ತರಿಸಿ. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಇದು ಬಹಳ ಜನಪ್ರಿಯ ಪಾಠ.

ಮೂರನೇ ಟಿಕ್ ಪೂರ್ತಿ ಸುಳ್ಳು. ಮೂರು ಟಿಕ್, ಎರಡು ನೀಲಿ ಒಂದು ಕೆಂಪು ಅಂತೆಲ್ಲ ಆ ಮೆಸೇಜ್ ವರ್ಷಗಳಿಂದ ವೇಷ ಬದಲಿಸಿಕೊಂಡು ಸುತ್ತುತ್ತಿದೆ. ವಾಟ್ಸಾಪ್‌ನಲ್ಲಿ ಮೂರನೇ ಟಿಕ್ ಎಂಬುದೇ ಇಲ್ಲ. 2016ರಿಂದ ಅಲ್ಲಿನ ಮಾತುಕತೆಗೆ ಎರಡೂ ತುದಿಗೆ ಬೀಗ ಹಾಕಲಾಗಿದೆ. ಕಳಿಸಿದವರ ಫೋನು, ಪಡೆದವರ ಫೋನು ಎರಡರಲ್ಲಿ ಮಾತ್ರ ಅದು ತೆರೆಯುತ್ತದೆ, ನಡುವೆ ಕಂಪನಿಯೇ ಓದಲಾರದು. ಆದರೆ ಪಡೆದವರೇ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೋ ಪಕ್ಕದ ಮನೆಗೋ ತೋರಿಸಿದರೆ ಯಾವ ಬೀಗವೂ ತಡೆಯದು. ವಾಟ್ಸಾಪ್‌ನಲ್ಲಿ ಈಗ ಕಾಣುವ ದುಂಡನೆಯ ಬಳೆಯಂಥ ಗುರುತು, ಅಂದರೆ ಕೇಳಿದ್ದಕ್ಕೆ ತಾನೇ ಉತ್ತರ ಹೇಳುವ ಯಂತ್ರ ಮೆಟಾ ಎಐ, ಅದರೊಂದಿಗೆ ನೀವು ಆಡುವ ಮಾತು ಈ ಬೀಗದೊಳಗೆ ಬರುವುದಿಲ್ಲ, ಅದು ಕಂಪನಿಗೇ ಹೋಗುತ್ತದೆ. ಮನೆ ವಿಷಯ ಅಲ್ಲಿ ಬರೆಯಬೇಡಿ. "ನನ್ನ ಫೋಟೋ ಬಳಸಲು ಅನುಮತಿ ಇಲ್ಲ" ಎಂದು ನಕಲು ಮಾಡಿ ಅಂಟಿಸುವ ನೋಟಿಸ್ ನಿಮಗೂ ಬರುತ್ತದೆ, ಬಂದಿರಲೂಬಹುದು. 2012ರಿಂದ ಅದರ ಒಂದಲ್ಲ ಒಂದು ರೂಪ ಫೇಸ್‌ಬುಕ್‌ನಲ್ಲಿ ಓಡಾಡುತ್ತಿದೆ, 2024ರಲ್ಲಿ ಮೆಟಾ ಎಐ ಹೆಸರಿನಲ್ಲಿ ಮತ್ತೆ ಬಂತು. ಅಂಟಿಸಿದರೆ ಏನೂ ಆಗುವುದಿಲ್ಲ. ಅಕೌಂಟ್ ತೆರೆಯುವಾಗ "ಒಪ್ಪಿದೆ" ಎಂದು ಒತ್ತಿದ್ದೇ ಲೆಕ್ಕ.

ಇಂಥ ಮೆಸೇಜ್‌ಗಳ ಬಗ್ಗೆ ನಗುತ್ತಲೇ ಮಾತಾಡುತ್ತೇವೆ. ಎಲ್ಲ ಸಲವೂ ನಗುವ ಹಾಗಿಲ್ಲ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುಳ್ಳು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅವರ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಆ ವರ್ಷ ದೇಶದ ಬೇರೆ ಕಡೆಗಳಲ್ಲೂ ಇಂಥ ಸಾವುಗಳಾದವು. ಅದೇ ತಿಂಗಳು ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಳಿಗಿಂತ ಜಾಸ್ತಿ ಕಡೆ ಫಾರ್ವರ್ಡ್ ಮಾಡದಂತೆ ವಾಟ್ಸಾಪ್ ಕಟ್ಟು ಹಾಕಿತು. 2020ರಿಂದ, ಬಹಳ ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥದರ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಅದು ಕಂಡರೆ ಇದನ್ನು ಬರೆದವರು ನಿಮಗೆ ಕಳಿಸಿದವರಲ್ಲ, ಎಲ್ಲಿಂದ ಹೊರಟಿತೋ ಯಾರಿಗೂ ಗೊತ್ತಿಲ್ಲ ಎಂದು ತಿಳಿಯಿರಿ. ಮೊಹರು ಇಲ್ಲದ ಲಕೋಟೆಯನ್ನು ನೀವು ಬಟವಾಡೆಗೆ ಕಳಿಸುತ್ತಿದ್ದಿರಾ?

ಭಾವ ಹೆದರಿಸಿದ್ದರಲ್ಲಿ ಒಂದು ಹಳೆಯ ನಿಜ ಇದೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಪೊಲೀಸರು ಬಂಧಿಸಿದ್ದರು. ದೇಶವೆಲ್ಲ ಗದ್ದಲವಾಯಿತು. ಇಂಥ ಬಂಧನಗಳಿಗೆ ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಯಾರದೋ ಹಳೆಯ ಫೋಟೋಗೆ ಕೈತಪ್ಪಿ ಒತ್ತಿದ ಹಾರ್ಟ್‌ಗೆ ಯಾವ ಕೇಸೂ ಇಲ್ಲ. ಮತ್ತೊಮ್ಮೆ ಒತ್ತಿದರೆ ಹೋಗುತ್ತದೆ. ಅಷ್ಟರಲ್ಲಿ ಅವರಿಗೆ ನೋಟಿಫಿಕೇಶನ್ ಹೋಗಿರಬಹುದು, ಹೋದರೆ ಹೋಗಲಿ. ಯಾರದಾದರೂ ಪ್ರೊಫೈಲ್ ಸುಮ್ನೆ ನೋಡಿ ಬಂದರೆ ಫೇಸ್‌ಬುಕ್ ಆಗಲಿ ಇನ್‌ಸ್ಟಾಗ್ರಾಂ ಆಗಲಿ ಅವರಿಗೆ ಹೇಳುವುದಿಲ್ಲ. "ನಿಮ್ಮ ಪ್ರೊಫೈಲ್ ಯಾರು ನೋಡಿದರು ತಿಳಿಯಿರಿ" ಎನ್ನುವ ಆ್ಯಪ್‌ಗಳು ನಿಮ್ಮ ಪಾಸ್‌ವರ್ಡ್ ಹುಡುಕಿಕೊಂಡು ಬಂದವು. ಸ್ಟೋರಿ, ಸ್ಟೇಟಸ್ ನೋಡಿದರೆ ಮಾತ್ರ ನಿಮ್ಮ ಹೆಸರು ಅವರಿಗೆ ಕಾಣುತ್ತದೆ. ಓರಗಿತ್ತಿಯ ಸ್ಟೇಟಸ್ ನೋಡುವಾಗ ಇದು ನೆನಪಿರಲಿ.

ಸಹೋದ್ಯೋಗಿಯ ಅಕೌಂಟ್ ಹ್ಯಾಕ್ ಆಗಿಲ್ಲ ಎಂದು ನನ್ನ ಊಹೆ. ಅದು ನಕಲಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಹ್ಯಾಕ್ ಅಂದರೆ ಕಳ್ಳ ಮನೆಯೊಳಗೆ ಬಂದು ಕೂತಿದ್ದಾನೆ, ಮನೆಯವರು ಹೊರಗೆ. ನಕಲಿ ಅಂದರೆ ಅವರ ಫೋಟೋ, ಹೆಸರು ಕದ್ದು ಎದುರು ಬೀದಿಯಲ್ಲಿ ಅದೇ ಬೋರ್ಡಿನ ಇನ್ನೊಂದು ಅಂಗಡಿ ತೆರೆದಿದ್ದಾನೆ. ಮೊದಲೇ ಫ್ರೆಂಡ್ ಆದವರಿಂದ ಮತ್ತೆ ರಿಕ್ವೆಸ್ಟ್ ಬಂದರೆ ಅದು ಸಾಮಾನ್ಯವಾಗಿ ಎರಡನೆಯದು. ಆ ನಕಲಿ ಪ್ರೊಫೈಲ್‌ಗೆ ಹೋಗಿ ಮೂರು ಚುಕ್ಕಿ ಒತ್ತಿ, ರಿಪೋರ್ಟ್ ಮಾಡಿ, ಯಾರದೋ ಹೆಸರಲ್ಲಿ ನಟಿಸುತ್ತಿದ್ದಾರೆ ಎಂಬುದನ್ನು ಆರಿಸಿ, ಆಮೇಲೆ ಅನ್‌ಫ್ರೆಂಡ್ ಮಾಡಿ ಬ್ಲಾಕ್ ಮಾಡಿ. ನಿಜವಾದ ಸಹೋದ್ಯೋಗಿಗೆ ಫೋನ್ ಮಾಡಿ ಹೇಳಿ. ಒಂದೇ ದಿನ ಹತ್ತಾರು ಮಂದಿ ರಿಪೋರ್ಟ್ ಮಾಡಿಯೂ ವಾರಗಟ್ಟಲೆ ಹಾಗೇ ಉಳಿದ ನಕಲಿಗಳನ್ನು ನೋಡಿದ್ದೇನೆ, ಅದಕ್ಕೇ ಎಲ್ಲರಿಗೂ ಬಾಯಲ್ಲಿ ಹೇಳುವುದೇ ಬೇಗ.

ನಿಮ್ಮ ಹೆಸರಿನಲ್ಲಿ ಹೀಗಾಗದಿರಲು ಫೇಸ್‌ಬುಕ್‌ನಲ್ಲಿ "ಲಾಕ್ ಪ್ರೊಫೈಲ್" ಒತ್ತಿಬಿಡಿ. 2020ರಲ್ಲಿ ಇದು ನಮ್ಮ ದೇಶಕ್ಕೆ ಬಂದಾಗ ಮುಖ್ಯವಾಗಿ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ತಂದದ್ದು. ಫ್ರೆಂಡ್ಸ್ ಪಟ್ಟಿ ನಿಮಗೆ ಮಾತ್ರ ಕಾಣುವಂತೆ ಮಾಡಿ. ನಕಲಿ ಅಂಗಡಿಯವನಿಗೆ ಗಿರಾಕಿಗಳು ಸಿಗುವುದು ಆ ಪಟ್ಟಿಯಿಂದಲೇ. ನಿಮ್ಮ ಅಕೌಂಟ್ ಹ್ಯಾಕ್ ಆಗಿದ್ದರೆ ಸಾಮಾನ್ಯವಾಗಿ ನಿಮಗೆ ತೆರೆಯಲು ಬರುತ್ತಿರಲಿಲ್ಲ, ಅಥವಾ ನೀವು ಹಾಕದ ಪೋಸ್ಟ್‌ಗಳು ಕಾಣುತ್ತಿದ್ದವು. ಅಂಥದ್ದು ನೀವು ಬರೆದಿಲ್ಲ. ವಾಟ್ಸಾಪ್ ಕಳ್ಳತನಕ್ಕೆ ಹೆಚ್ಚಾಗಿ ಬೇಕಾಗುವುದು ನಿಮ್ಮ ಫೋನಿಗೆ ಬರುವ 6 ಅಂಕಿಯ ಕೋಡ್. "ತಪ್ಪಿ ನಿಮಗೆ ಬಂದಿದೆ, ಸ್ವಲ್ಪ ಹೇಳಿ" ಎಂದು ಪರಿಚಯದವರ ಹೆಸರಿನಿಂದಲೇ ಕೇಳುತ್ತಾರೆ. ಸ್ವಂತ ಮಗಳು ಕೇಳಿದರೂ ಮೆಸೇಜಿನಲ್ಲಿ ಹೇಳಬೇಡಿ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಹಾಕಿ ಒಂದು ಪಿನ್ ಇಟ್ಟುಕೊಳ್ಳಿ, ಡೈರಿಯಲ್ಲಿ ಬರೆದಿಡಿ. ಹಣ ಹೋಗಿಬಿಟ್ಟರೆ ನಾಚಿಕೆಪಡುತ್ತ ಕೂರದೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಹಾವಿನ ರೀಲ್ಸ್ ಬಗ್ಗೆ. ನೀವು ಹಾವಿಗೆ ಲೈಕ್ ಕೊಟ್ಟಿರಲಿಕ್ಕಿಲ್ಲ. ಆದರೆ ಬಚ್ಚಲಿನಿಂದ ನಾಗರಹಾವು ಹಿಡಿಯುವ ವಿಡಿಯೋವನ್ನು ಪೂರ್ತಿ ನೋಡಿರುತ್ತೀರಿ, ಕೈ ಬಾಯಿಗೆ ಅಡ್ಡ ಇಟ್ಟುಕೊಂಡು. ಅಲ್ಗಾರಿದಮ್ ಅಂದರೆ ಅದನ್ನು ಲೆಕ್ಕ ಇಟ್ಟುಕೊಳ್ಳುವ ಗುಮಾಸ್ತ. ಎಲ್ಲಿ ಎಷ್ಟು ಸೆಕೆಂಡ್ ನಿಂತಿರಿ, ಎರಡನೇ ಸಲ ನೋಡಿದಿರಾ, ಯಾರಿಗೆ ಕಳಿಸಿದಿರಿ ಎಲ್ಲ ಬರೆದುಕೊಳ್ಳುತ್ತಾನೆ. ಹೆದರಿ ನೋಡಿದಿರೋ ಇಷ್ಟಪಟ್ಟು ನೋಡಿದಿರೋ ಅವನಿಗೆ ಗೊತ್ತಾಗುವುದಿಲ್ಲ, ಅವನಿಗೆ ಅದು ಬೇಕಾಗಿಯೂ ಇಲ್ಲ. ನೀವು ಜಾಸ್ತಿ ಹೊತ್ತು ನಿಂತರೆ ನಡುನಡುವೆ ಜಾಸ್ತಿ ಜಾಹೀರಾತು ತೋರಿಸಬಹುದು, ಅವನ ಸಂಬಳ ಅದರಿಂದ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಎಂಬ ಚಿಕ್ಕ ವಿಡಿಯೋಗಳ ಆ್ಯಪ್ ನಮ್ಮಲ್ಲಿ ನಿಷೇಧವಾದ ಬೆನ್ನಿಗೇ, ಜುಲೈನಲ್ಲಿ, ರೀಲ್ಸ್ ಭಾರತಕ್ಕೆ ಬಂದದ್ದು ಸುಮ್ನೆ ಅಲ್ಲ. ಹಾವು ಬಂದ ಕೂಡಲೇ ಸರಿಸಿಬಿಡಿ, ಒಂದೆರಡು ಸಲ ಮೂರು ಚುಕ್ಕಿ ಒತ್ತಿ "ನಾಟ್ ಇಂಟರೆಸ್ಟೆಡ್" ಕೊಡಿ. ಯಕ್ಷಗಾನದ ತುಣುಕು ಬಂದರೆ ಪೂರ್ತಿ ನೋಡಿ. ವಾರದೊಳಗೆ ಗುಮಾಸ್ತ ಬದಲಾಗುತ್ತಾನೆ.

ಎಲ್ಲಾ ಮುಚ್ಚಿಬಿಡಲೇ ಎಂದು ಕೇಳಿದ್ದೀರಿ. ಮುಚ್ಚಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಡಿಲೀಟ್ ಕೊಟ್ಟರೆ 30 ದಿನ ಕಾಯುತ್ತವೆ, ಅಷ್ಟರೊಳಗೆ ಲಾಗಿನ್ ಆದರೆ ವಾಪಸ್ ಪಡೆಯಬಹುದು. ಆಮೇಲೆ ಹೋಯಿತು. ಮುಂಚೆ ಫೋಟೋಗಳನ್ನು ಇಳಿಸಿಕೊಳ್ಳಬೇಕು. ಡಿಆ್ಯಕ್ಟಿವೇಟ್ ಅಂದರೆ ಬಾಗಿಲು ಹಾಕಿಡುವುದು, ಯಾವಾಗ ಬೇಕಾದರೂ ತೆರೆಯಬಹುದು. ಆದರೆ ಮುಚ್ಚಿದರೆ ನಕಲಿ ಹುಟ್ಟುವುದಿಲ್ಲ ಎಂದೇನಿಲ್ಲ. ನಿಮ್ಮ ಹೆಸರಲ್ಲಿ ಯಾರೋ ದುಡ್ಡು ಕೇಳುತ್ತಿದ್ದರೆ ನಿಮಗೇ ಕೊನೆಗೆ ಗೊತ್ತಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ವಾಟ್ಸಾಪ್ ಇಟ್ಟುಕೊಳ್ಳುತ್ತಿದ್ದೆ, ಅದಿಲ್ಲದೆ ಈಗ ಮದುವೆ ಕರೆಯೂ ಬರುವುದಿಲ್ಲ. ಇನ್‌ಸ್ಟಾಗ್ರಾಂ ಅನ್ನು ಪ್ರೈವೇಟ್ ಮಾಡಿ ಮೊಮ್ಮಕ್ಕಳನ್ನು ನೋಡಲು ಮಾತ್ರ ಬಳಸುತ್ತಿದ್ದೆ. ಫೇಸ್‌ಬುಕ್ ಲಾಕ್ ಮಾಡಿ ಮೂರು ತಿಂಗಳು ನೋಡುತ್ತಿದ್ದೆ, ತೆರೆಯಬೇಕು ಅನ್ನಿಸದಿದ್ದರೆ ಡಿಆ್ಯಕ್ಟಿವೇಟ್. ಇನ್ನೊಂದು ಸಣ್ಣ ಮಾತು, ಕನ್ನಡದವನಾಗಿ ಹೇಳಲು ಸ್ವಲ್ಪ ಸಂಕೋಚ. ಫೋನಿನ ಮೆನು ಕನ್ನಡಕ್ಕೆ ಬದಲಾಯಿಸಬಹುದು, ಚೆನ್ನಾಗಿಯೂ ಇರುತ್ತದೆ. ಆದರೆ ನಿಮಗೆ ಫೋನಿನಲ್ಲಿ ದಾರಿ ಹೇಳುವ ಮಕ್ಕಳು "ಸೆಟ್ಟಿಂಗ್ಸ್‌ಗೆ ಹೋಗು, ಪ್ರೈವೆಸಿ ಒತ್ತು" ಅನ್ನುತ್ತಾರೆ, ನಿಮ್ಮ ಪರದೆಯಲ್ಲಿ "ಗೌಪ್ಯತೆ" ಇರುತ್ತದೆ. ಇಬ್ಬರೂ ಬೇರೆ ಬೇರೆ ನಕ್ಷೆ ಹಿಡಿದು ಜಗಳಕ್ಕೆ ನಿಲ್ಲುತ್ತೀರಿ. ಹೇಳಿಕೊಡುವವರ ಫೋನು ಯಾವ ಭಾಷೆಯಲ್ಲಿದೆಯೋ ಕಲಿಯುವವರೆಗೆ ನಿಮ್ಮದೂ ಅದೇ ಇರಲಿ. ಬರೆಯುವುದಕ್ಕೆ ಕನ್ನಡವೇ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ, ಅಂಗಳದ ಹಕ್ಕಿ, ಮಿಕ್ಸಿ ಸದ್ದು ಇಲ್ಲದಿದ್ದರೆ.

ಭರಣಿಯ ಫೋಟೋ ಎಲ್ಲೂ ಹೋಗಿಲ್ಲ. ಸ್ಟೇಟಸ್‌ನಲ್ಲಿ ಹೋದದ್ದು ಅದರ ಪ್ರತಿ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ತೆಗೆದಿದ್ದರೆ ಮೂಲ ಗ್ಯಾಲರಿಯಲ್ಲೇ ಇರುತ್ತದೆ, ಉಪ್ಪಿನಕಾಯಿ ಹಾಕಿದ ತಾರೀಖಿಗೆ ಸರಿಸಿಕೊಂಡು ಹೋಗಿ ನೋಡಿ. ಸಿಕ್ಕಿದರೆ ಮೊದಲು ಓರಗಿತ್ತಿಗೆ ಕಳಿಸಿ. ಅವರು ನೋಡಿ ಸುಮ್ಮನಿದ್ದರೂ ಟಿಕ್ ನೀಲಿಯಾಗುತ್ತದೆ.